ಮೊಳೆ ಖಾಲಿಯಾದ ಸಂಜೆ

ಜೂನ್ ೧೧, ಮಂಗಳವಾರ

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರಗಳು.

ಮೊದಲು ಬೈದು ಮುಗಿಸು, ಆಮೇಲೆ ಓದು. ನಿನ್ನ ಕಾಗದ ಬಂದದ್ದು ಮಾರ್ಚಿಯಲ್ಲಿ, ಉತ್ತರ ಹೊರಡುತ್ತಿರುವುದು ಜೂನಿನಲ್ಲಿ. ನಡುವಿನ ಮೂರು ತಿಂಗಳಿಗೆ ಕೊಡಬಹುದಾದ ಕಾರಣಗಳನ್ನೆಲ್ಲ ಗಾಡಿಗಳ ಹಾಗೆ ಸಾಲಾಗಿ ನಿಲ್ಲಿಸಿ ನೋಡಿದೆ, ಒಂದಕ್ಕೂ ಚಕ್ರವಿರಲಿಲ್ಲ. ನಾಲ್ಕು ಸಲ ಬರೆಯಲು ಕೂತೆ. ನಾಲ್ಕು ಸಲವೂ ‘ನಾನು ಕ್ಷೇಮ’ ಎಂಬಲ್ಲಿಗೆ ಬಂದು ನಿಂತೆ. ನಿಲ್ಲಿಸುವುದೇ ಕಸುಬಾದವನಿಗೆ ನಿಂತುಬಿಡುವುದು ಬಲು ಸುಲಭ.

ನಿನ್ನ ಕಾಗದ ನನ್ನ ಮೇಜಿನ ಮೇಲೆ ಸ್ಟೇಪ್ಲರಿನ ಕೆಳಗಿದೆ. ಪೂರ್ತಿ ಬಾಯಿಗೆ ಬರುತ್ತದೆ. “ಫೋನಲ್ಲಿ ಕೇಳಿದ್ರೆ ನೀನು ಏನೋ ಒಂದು ನಗೆಮಾತು ಹೇಳಿ ತೇಲಿಸಿಬಿಡ್ತೀಯ. ಅದಕ್ಕೇ ಬರೀತಿದ್ದೀನಿ. ನನ್ನದು ಒಂದೇ ಪ್ರಶ್ನೆ ಕಣೋ. ಅವತ್ತು ಅವರು ಗೇಟಿಗೆ ಬಂದಾಗ ನಿಜವಾಗ್ಲೂ ಜಾಗ ಇರ್ಲಿಲ್ವಾ? ಸರಿಯಾಗಿ ಉತ್ತರ ಬರಿ. ಬರೆದಮೇಲೆ ಮನೆಗೆ ಬಾ. ಅಲ್ಲಿತನಕ ಬೇಡ.” ಅದರ ಕೆಳಗೆ, ಜಾಗ ಉಳಿಯಿತೆಂದೋ ಏನೋ, ಇನ್ನೊಂದು ಸಾಲು: “ಮಷೀನಿಗೆ ಮೋಟಾರು ಹಾಕಿಸಿದ್ವಿ. ಮನೆಯ ಸದ್ದೇ ಬೇರೆಯಾಗಿದೆ.”

ಇಪ್ಪತ್ತೆಂಟು ವರ್ಷ ಭಾವನ ಬಲಗಾಲು ತುಳಿದ ಮಷೀನು ಅದು. ನಾನು ಕಾಲೇಜಿಗೆ ಹಾಕಿಕೊಂಡು ಹೋದ ಅಂಗಿಗಳೆಲ್ಲ ಅದರಿಂದಲೇ ಇಳಿದು ಬಂದವು. ಆ ಟಕಟಕ ಸದ್ದಿಗೆ ತಾಳ ಹಾಕುತ್ತಲೇ ನಾನು ಪರೀಕ್ಷೆಗೆ ಓದಿದ್ದು. ಈಗ ಮೋಟಾರು ಗುಂಯ್ ಎನ್ನುತ್ತದೆ ಎಂದು ಗೊತ್ತಾದಮೇಲೆ ನನ್ನ ಕಿವಿಯಲ್ಲೂ ಅದೇ.

ನೀನು ಈ ಜಾಗಕ್ಕೆ ಬಂದದ್ದು ಒಂದೇ ಸಲ, ಅದೂ ಸ್ಟ್ರೆಚರಿನ ಹಿಂದೆ. ಸುತ್ತ ಏನಿದೆ ಎಂದು ನೋಡುವ ಸ್ಥಿತಿಯಲ್ಲಿ ಇರಲಿಲ್ಲ. ಹಾಗಾಗಿ ಮೊದಲಿನಿಂದ ಹೇಳುತ್ತೇನೆ. ಸುತ್ತು ಬಳಸುತ್ತಿದ್ದೇನೆ ಎನ್ನಬೇಡ. ಬೆಟ್ಟದ ರಸ್ತೆಗೆ ಬೇರೆ ದಾರಿಯಿಲ್ಲ.

ಟಾರು ರಸ್ತೆ ನಿಮ್ಮ ಊರಿನಿಂದ ಇಪ್ಪತ್ತು ಕಿಲೋಮೀಟರು ಸಭ್ಯವಾಗಿ ಬರುತ್ತದೆ. ಆಮೇಲೆ ಅದಕ್ಕೆ ಬೆಟ್ಟ ಕಾಣಿಸುತ್ತದೆ, ಎದೆಯೊಡೆದು ಕಲ್ಲುಮಣ್ಣಾಗುತ್ತದೆ. ‘ದೂರದ ಬೆಟ್ಟ ನುಣ್ಣಗೆ’ ಎಂದ ಹಿರಿಯರು ಬೆಟ್ಟದ ವಿಷಯವನ್ನಷ್ಟೇ ಹೇಳಿದರು. ಬೆಟ್ಟಕ್ಕೆ ಹೋಗುವ ರಸ್ತೆ ದೂರಕ್ಕೂ ನುಣ್ಣಗಿಲ್ಲ, ಹತ್ತಿರಕ್ಕೂ ಇಲ್ಲ. ಕೊನೆಗೊಂದು ಕೊಕ್ಕೆಯಂಥ ತಿರುವು. ತಿರುವಿನಿಂದ ಎರಡು ಕಿಲೋಮೀಟರು ಏರಿದರೆ ನನ್ನ ಗೇಟು, ಗೇಟಿನೊಳಗೆ ನಲವತ್ತೆರಡು ಗಾಡಿಗಳ ಅಂಗಳ, ಅಂಗಳದ ಮೂಲೆಯಲ್ಲಿ ಹಲಗೆಯ ಗೂಡು, ಗೂಡಿನಲ್ಲಿ ನಾನು. ಅಲ್ಲಿಂದಾಚೆಗೆ ಕಾಲುದಾರಿ ಮಾತ್ರ. ನಾನಿರುವ ಮನೆ ತಿರುವಿಗಿಂತ ಎಂಟು ಕಿಲೋಮೀಟರು ಕೆಳಗೆ. ದಿನಾ ಮೊಪೆಡ್ಡಿನಲ್ಲಿ ಬೆಳಗ್ಗೆ ಏರುತ್ತೇನೆ, ಸಂಜೆ ಇಳಿಯುತ್ತೇನೆ. ಹನ್ನೊಂದು ವರ್ಷದಿಂದ ಇದೇ ಏರಿಳಿತ.

ದಣಿವು ಏರುವುದರಿಂದಲ್ಲ ಅಕ್ಕ, ಏರಿಬರುವವರಿಂದ. ಹನ್ನೆರಡು ಕಿಲೋಮೀಟರು ನಡೆಯಲೆಂದೇ ಮನೆ ಬಿಟ್ಟು ಬಂದ ಜನ, ಇನ್ನೂರು ಹೆಜ್ಜೆ ಆಚೆ ಗಾಡಿ ನಿಲ್ಲಿಸಿ ಎಂದರೆ ನನ್ನ ವಂಶ ಜಾಲಾಡುತ್ತಾರೆ.

“ಏನ್ರೀ, ಅಲ್ಲಿಂದ ನಡ್ಕೊಂಡು ಬರಬೇಕಾ?”

“ನಡೆಯೋಕೇ ಅಲ್ವಾ ಸಾರ್ ಬಂದಿರೋದು?”

“ಅದು ಬೇರೆ ನಡಿಗೆ ಕಣ್ರೀ!”

ಕಾರು ತಂದವರು ಕಾರುತ್ತಾರೆ, ನಾನು ಒರೆಸಿಕೊಳ್ಳುತ್ತೇನೆ. ಮೊದಮೊದಲು ಇಂಥವನ್ನು ಬರೆದಿಟ್ಟು ಭಾನುವಾರ ರಾತ್ರಿ ಭಾವನಿಗೆ ಓದಿ ಹೇಳುತ್ತಿದ್ದೆ. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಈಗ ಬರೆದಿಡುವುದಿಲ್ಲ.

ಇಲ್ಲಿಯ ಕೆಲಸ ಗಾಡಿ ನಿಲ್ಲಿಸುವುದಷ್ಟೇ ಅಲ್ಲ, ಮನುಷ್ಯರು ಇಳಿದರೇ ಎಂದು ನೋಡುವುದೂ ಹೌದು. ಒಳಗೆ ಬಂದ ಪ್ರತಿ ಗಾಡಿಗೂ ಒಂದು ಚೀಟಿ. ಎಷ್ಟು ಜನ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಬರೆಸಿಕೊಂಡು ಎರಡಾಗಿ ಹರಿಯುತ್ತೇನೆ. ಅರ್ಧ ಗಾಡಿಯ ಗಾಜಿನೊಳಗೆ, ಇನ್ನರ್ಧ ನನ್ನ ಗೂಡಿನ ಮೊಳೆಗೆ. ಗಾಡಿ ಹೊರಟಾಗ ಮೊಳೆಯಿಂದ ಅದರ ಅರ್ಧ ತೆಗೆದುಬಿಡುತ್ತೇನೆ. ಹೊತ್ತು ಮೀರಿಯೂ ಮೊಳೆಯಲ್ಲಿ ಚೀಟಿ ಉಳಿದರೆ ಯಾರೋ ಮೇಲೆ ಸಿಕ್ಕಿಕೊಂಡಿದ್ದಾರೆ ಎಂದು ಅರ್ಥ. ಕೂಡಲೇ ಹಗ್ಗಣ್ಣನಿಗೆ ಫೋನು. ಹಗ್ಗಣ್ಣ ಎಂದರೆ ನಮ್ಮ ರಕ್ಷಣಾ ತಂಡದ ಹಿರಿಯ. ಹಗ್ಗ ಹೆಗಲ ಮೇಲಿಲ್ಲದೆ ಅವನನ್ನು ಅವನ ಹೆಂಡತಿಯೂ ನೋಡಿಲ್ಲವಂತೆ. ಮೊಳೆ ಖಾಲಿಯಾದರೆ ಬೆಟ್ಟ ಖಾಲಿ. ಆಗ ನಾನು ದಾಖಲೆ ಪುಸ್ತಕದಲ್ಲಿ ಸೊನ್ನೆ ಬರೆದು ಗೇಟು ಹಾಕಬಹುದು.

ತರ್ಕಶಾಸ್ತ್ರದಲ್ಲಿ ಪದಕ ಗೆದ್ದವನು ನಾನು. ಪದಕವನ್ನು ನಿನ್ನ ಟ್ರಂಕಿನಲ್ಲಿ ರೇಷ್ಮೆ ಬಟ್ಟೆ ಸುತ್ತಿ ಇಟ್ಟಿದ್ದೀಯ. ತೆಗೆದು ಬಾವಿಗೆ ಹಾಕು. ಮೊಳೆ ಲೆಕ್ಕ ಹಿಡಿಯುವುದು ಒಳಗೆ ಬಂದ ಗಾಡಿಗಳನ್ನು, ಬೆಟ್ಟ ಹತ್ತಿದ ಮನುಷ್ಯರನ್ನಲ್ಲ ಎಂಬ ಸಣ್ಣ ಸಂಗತಿ ಹನ್ನೊಂದು ವರ್ಷ ನನ್ನ ತಲೆಗೆ ಹೊಳೆಯಲಿಲ್ಲ.

ಇನ್ನು ಆ ಭಾನುವಾರಕ್ಕೆ ಬರುತ್ತೇನೆ. ಜನವರಿಯ ಕೊನೆಯ ಭಾನುವಾರ.

ವಾರವಿಡೀ ಬೆನ್ನು ಬಗ್ಗಿಸಿ ಹೊಲಿಯುವ ಭಾವ, ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಭಾನುವಾರ ಬೆಟ್ಟ ಹತ್ತುತ್ತಿದ್ದದ್ದು ನಿನಗೆ ಗೊತ್ತು. ರಾತ್ರಿ ನನ್ನಲ್ಲಿ ಉಳಿದು ಸೋಮವಾರ ಅಂಗಡಿ ತೆಗೆಯುವ ಹೊತ್ತಿಗೆ ಊರು ಸೇರುವುದು ರೂಢಿ. ಅವತ್ತು ಹತ್ತು ಗಂಟೆಗೆ ಅವರ ಹಸಿರು ಕಾರು ಗೇಟಿಗೆ ಬಂತು. ಒಳಗೆ ನಲವತ್ತೆರಡೂ ಭರ್ತಿ. ಹಿಂದೆ ನಾಲ್ಕು ಗಾಡಿ, ನಾಲ್ಕಕ್ಕೂ ಹಾರನ್ನು.

“ಜಾಗ ಇಲ್ಲ ಭಾವ. ಕೆಳಗೆ ತಿರುವಿನ ಹತ್ತಿರ ಹಾಕಿ ಬನ್ನಿ.”

“ಎರಡು ಕಿಲೋಮೀಟರು ಕೆಳಗೇನೋ! ಆ ಹಳದಿ ಚೌಕ ಖಾಲಿ ಬಿದ್ದಿದೆಯಲ್ಲ?”

“ಅದು ರಕ್ಷಣಾ ತಂಡದ ಗಾಡಿಗೆ.”

“ಹೆಂಡತಿಯ ತಮ್ಮನಿಂದ ಭಾವನಿಗೆ ಅಷ್ಟೂ ರಕ್ಷಣೆ ಇಲ್ವೇನೋ?”

ಸುತ್ತ ನಿಂತವರು ನಮ್ಮನ್ನೇ ನೋಡುತ್ತಿದ್ದರು. ನೋಡುವವರಿದ್ದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. “ಇಲ್ಲಿ ಭಾವನಿಗೂ ಜಾಗವಿಲ್ಲ, ಭಾವನೆಗೂ ಜಾಗವಿಲ್ಲ!” ಎಂದು ಕೂಗಿ ಹೇಳಿದೆ. ಹತ್ತು ಜನ ನಕ್ಕರು. ಭಾವನ ಕಿವಿ ಕೆಂಪಾಯಿತು. “ನಿನ್ನ ನಾಲಿಗೆಗೆ ನನ್ನ ಅಂಗಡಿ ಕತ್ತರಿ ಸಾಲ್ದು ಕಣೋ” ಎಂದವರೇ ಕಾರನ್ನು ಹಿಂದಕ್ಕೆ ತೆಗೆದರು. ತಿರುಗಿ ನೋಡಲಿಲ್ಲ.

ಅಕ್ಕ, ನೀನು ಕೇಳಿದ ಪ್ರಶ್ನೆಗೆ ಉತ್ತರ ಇದು: ಜಾಗ ಇತ್ತು.

ಹಳದಿ ಚೌಕ ಖಾಲಿ ಇತ್ತು. ಅದು ತುರ್ತಿಗೆ ಮೀಸಲು, ನಿಜ. ಆದರೆ ಅದರ ಹಿಂದಿನ ಭಾನುವಾರ ಅದೇ ಚೌಕದಲ್ಲಿ ನಮ್ಮ ಸಾಹೇಬರ ಅಳಿಯನ ಕಾರು ದಿನವಿಡೀ ನಿಂತಿತ್ತು. ನಾನೇ ಮುಂದೆ ನಿಂತು “ಬರ್ಲಿ ಸಾರ್, ಬರ್ಲಿ, ಇನ್ನೊಂಚೂರು ಬಲಕ್ಕೆ” ಎಂದು ಕೈಬೀಸಿ ನಿಲ್ಲಿಸಿಕೊಟ್ಟಿದ್ದೆ. ಸಾಹೇಬರ ಅಳಿಯನಿಗೆ ಬಗ್ಗಿದ ನಿಯಮ ನಮ್ಮಪ್ಪನ ಅಳಿಯನಿಗೆ ಬಗ್ಗಲಿಲ್ಲ. ಆಸ್ಪತ್ರೆಯ ಜಗಲಿಯಲ್ಲಿ ನಿನಗೆ “ಒಂದಿಂಚೂ ಜಾಗ ಇರ್ಲಿಲ್ಲ ಅಕ್ಕ” ಎಂದೆ. ಸುಳ್ಳು ಹೇಳಿದೆ.

ಮುಂದಿನದನ್ನು ನೀನು ಚೂರುಚೂರಾಗಿ ಕೇಳಿದ್ದೀಯ, ಸಾಲಾಗಿ ಕೇಳಿಲ್ಲ. ಭಾವ ಕಾರನ್ನು ತಿರುವಿನಲ್ಲಿ ಬಿಟ್ಟರು. ಅಲ್ಲಿಂದ ಒಂದು ಒಳದಾರಿ ನನ್ನ ಗೇಟಿನ ಕಡೆಗೆ ಬರದೆ ನೇರ ಮೇಲಕ್ಕೆ ಹೋಗಿ ಕಾಲುದಾರಿಯನ್ನು ಸೇರುತ್ತದೆ. ನನ್ನ ಮುಖ ನೋಡಲು ಇಷ್ಟವಿಲ್ಲದೆ ಅದನ್ನೇ ಹಿಡಿದರು. ಹಾಗಾಗಿ ಚೀಟಿಯಿಲ್ಲ. ಹತ್ತಿದರು, ಮಧ್ಯಾಹ್ನ ತುದಿಯಲ್ಲಿ ಕೂತರು, ಅದೇ ಒಳದಾರಿಯಲ್ಲಿ ಇಳಿಯುವಾಗ ನಾಲ್ಕೂವರೆಯ ಸುಮಾರಿಗೆ ಸಡಿಲ ಕಲ್ಲಿನ ಮೇಲೆ ಕಾಲಿಟ್ಟರು. ಬಲಗಾಲಿನ ಕಣಕಾಲು ಎರಡು ಕಡೆ ಮುರಿಯಿತು, ಜೇಬಿನ ಫೋನು ಬಂಡೆಗೆ ಬಡಿದು ಒಡೆಯಿತು.

ಐದೂವರೆಗೆ ನನ್ನ ಮೊಳೆ ಖಾಲಿ. ಸೊನ್ನೆ ಬರೆದೆ, ಗೇಟು ಹಾಕಿದೆ, ಇಳಿದೆ. ಭಾವ ನನ್ನಲ್ಲಿದ್ದಾರೆ ಎಂದು ನೀನು ನಿಶ್ಚಿಂತೆಯಾಗಿದ್ದೆ. ಮುನಿಸಿಕೊಂಡು ನಿನ್ನಲ್ಲಿಗೆ ಹೋದರು ಎಂದು ನಾನು ನಿಶ್ಚಿಂತನಾಗಿದ್ದೆ. ಅಕ್ಕ ತಮ್ಮಂದಿರ ನಿಶ್ಚಿಂತೆಯ ನಡುವೆ ಅವರು ಬಂಡೆಯ ಮಗ್ಗುಲಲ್ಲಿ ಹದಿನಾಲ್ಕು ಗಂಟೆ ಮಲಗಿದ್ದರು. ಬೆಳಗ್ಗೆ ಆರೂವರೆಗೆ ಏರುವಾಗ ತಿರುವಿನಲ್ಲಿ ಹಸಿರು ಕಾರು. ಇಳಿದು ಕೂಗಿದೆ. ಮೇಲಿನಿಂದ ಸಣ್ಣ ದನಿ ಬಂತು. ಹಗ್ಗಣ್ಣ ತಂಡ ಕಟ್ಟಿಕೊಂಡು ಬಂದ, ಸ್ಟ್ರೆಚರು ಬಂತು, ನೀನು ಬಂದೆ.

ಆಮೇಲೆ ನಡೆದ ತಮಾಷೆ ಕೇಳು. ನಾನು ದೊಡ್ಡ ಮನುಷ್ಯನಾದೆ. ‘ಭಾವನನ್ನು ಹುಡುಕಿದ ಭಾವಮೈದುನ’ ಎಂದು ಹಗ್ಗಣ್ಣ ಬೆನ್ನು ತಟ್ಟಿದ. ನೀನು ನನ್ನ ಎರಡೂ ಕೈ ಹಿಡಿದು, “ನೀನು ಇಲ್ದೇ ಇದ್ದಿದ್ರೆ ಏನು ಗತಿಯೋ” ಎಂದು ಅತ್ತೆ. ಆ ಕೈಗಳನ್ನು ಎಲ್ಲಿಡುವುದೆಂದು ಇವತ್ತಿಗೂ ನನಗೆ ತಿಳಿಯುತ್ತಿಲ್ಲ.

ಇಲಾಖೆಯ ವಿಚಾರಣೆಯೂ ಆಯಿತು. ಸಾಹೇಬರು ಗೂಡಿಗೇ ಬಂದು, ನನ್ನ ಮುರಿದ ಕುರ್ಚಿಯಲ್ಲಿ ಜಾಗ್ರತೆಯಾಗಿ ಕೂತರು. ಮೊಳೆ ನೋಡಿದರು, ಪುಸ್ತಕ ನೋಡಿದರು. “ನಿಮ್ಮ ಲೆಕ್ಕ ಸರಿಯಾಗೇ ಇದೆಯಲ್ಲ” ಎಂದರು. “ಇಳಿಯೋವಾಗ ತಿರುವಿನಲ್ಲಿ ಕಾರು ಕಾಣ್ಲಿಲ್ವಾ?” “ಮಂಜಿತ್ತು ಸಾರ್” ಎಂದೆ. ಬರೆದುಕೊಂಡರು. ಭಾವ ಆಸ್ಪತ್ರೆಯಿಂದ ಕೊಟ್ಟ ಹೇಳಿಕೆಯಲ್ಲಿ ‘ಚೀಟಿ ಬರೆಸದೆ ಹೋದದ್ದು ನನ್ನದೇ ತಪ್ಪು’ ಎಂದಿತ್ತಂತೆ.

ಈಗ ತೀರ್ಮಾನ ಬಂದಿದೆ. ಮೇಲಿನ ಅಂಗಳ ಮುಚ್ಚುತ್ತಾರೆ. ರಸ್ತೆಯ ಕೊನೆಯ ಎರಡು ಕಿಲೋಮೀಟರು ಇನ್ನು ಗಾಡಿಗಳಿಗಿಲ್ಲ. ತಿರುವಿನಲ್ಲೇ ಹೊಸ ಗೇಟು, ಅಲ್ಲೇ ಹೊಸ ಗೂಡು, ಗಾಡಿಯ ಬದಲು ತಲೆ ಎಣಿಸುವ ಹೊಸ ಪುಸ್ತಕ. ಒಳದಾರಿಗೂ ಬೇಲಿ. ಮುಂದಿನ ತಿಂಗಳು ಒಂದನೇ ತಾರೀಖಿನಿಂದ ನನ್ನ ಕುರ್ಚಿ ಇರುವುದು ಭಾವನ ಕಾರು ನಿಂತಿದ್ದ ಜಾಗದಲ್ಲಿ. ಅಳತೆ ಹಿಡಿದು ಸುಣ್ಣದ ಗೆರೆ ಹಾಕಿದವನಿಗೆ ಇದು ಗೊತ್ತಿಲ್ಲ. ನಾನು ಗೆರೆಯ ಒಳಗೆ ನಿಂತು ನೋಡಿದೆ. ಸರಿಯಾಗಿ ಹಿಡಿಸುತ್ತೇನೆ.

ಸುಸ್ತಾಗಿದೆ ಅಕ್ಕ. ವಯಸ್ಸಿನ ಸುಸ್ತಲ್ಲ. ನಗಿಸಿ ನಗಿಸಿ ಬಂದ ಸುಸ್ತು. ಮೊನ್ನೆ ಒಬ್ಬರು, “ಏನ್ರೀ, ನೀವು ತುಂಬಾ ತಮಾಷೆಯವರು ಅಂತ ಕೇಳಿದ್ದೆ, ಮಾತೇ ಇಲ್ವಲ್ಲ?” ಎಂದರು. “ಜಾಗ ಇಲ್ಲ ಸಾರ್” ಎಂದೆ. ಅದಕ್ಕೂ ನಕ್ಕರು.

ನಿನ್ನ ಮಗಳು ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾದಳೆಂದು ಹಗ್ಗಣ್ಣನಿಂದ ತಿಳಿಯಿತು. ಸೋದರಮಾವನ ಆಶೀರ್ವಾದ ಅವಳಿಗೆ ಹೇಳು. ಅವಳು ನೂರು ವರ್ಷ ಬಾಳಲಿ, ಎಲ್ಲಿಗೆ ಹೋದರೂ ಅವಳಿಗೊಂದು ಜಾಗ ಕಾದಿರಲಿ, ಹೊತ್ತಿಗೆ ಸರಿಯಾಗಿ ಮನೆ ಸೇರಲಿ. ಭಾವನ ಕಾಲಿಗೆ ನನ್ನ ನಮಸ್ಕಾರ. ಇದನ್ನು ಹಿಂದೆ ಎಷ್ಟೋ ಸಲ ರೂಢಿಗೆ ಬರೆದಿದ್ದೇನೆ. ಈ ಸಲ ರೂಢಿಗಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಬರೆದಿದ್ದೇನೆ. ‘ಬರೆದಮೇಲೆ ಮನೆಗೆ ಬಾ’ ಎಂದಿದ್ದೀಯ. ಚೀಲವನ್ನೂ ತುಂಬಿಟ್ಟಿದ್ದೇನೆ. ಆದರೆ ಹೊರಡುವುದಿಲ್ಲ. ಕೆಳಗಿನದನ್ನೂ ಓದಿ ಆಮೇಲೆ ಹೇಳು.

ಇಂತು ನಿನ್ನ
ತಮ್ಮ

ಮತ್ತೆ, ಇದು ನೀನು ಕೇಳದ ಪ್ರಶ್ನೆಗೆ ಉತ್ತರ.

ಮಂಜಿರಲಿಲ್ಲ. ಅವತ್ತು ಸಂಜೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಇಳಿಯುವಾಗ ತಿರುವಿನಲ್ಲಿ ಭಾವನ ಕಾರನ್ನು ನಾನು ನೋಡಿದೆ. ಮೊಪೆಡ್ಡು ನಿಲ್ಲಿಸಿ ಇಳಿದೆ. ಗಾಜಿನಿಂದ ಒಳಗೆ ಇಣುಕಿದೆ. ಬೆಟ್ಟದ ಬೂಟು ಹಾಕಿಕೊಳ್ಳುವಾಗ ಅವರು ಬಿಚ್ಚಿಡುವ ಚಪ್ಪಲಿ ಸೀಟಿನ ಕೆಳಗೆ ಜೋಡಿಸಿಟ್ಟಂತೆ ಇತ್ತು. ಚಪ್ಪಲಿ ಕಾರಿನಲ್ಲಿದೆ ಎಂದರೆ ಕಾಲು ಬೆಟ್ಟದಲ್ಲಿದೆ. ಅಷ್ಟು ತರ್ಕ ನನಗೆ ಆಗಲೇ ಹೊಳೆಯಿತು. ಹೊತ್ತು ಮುಳುಗುತ್ತಾ ಬಂತು, ಇನ್ನೂ ಇಳಿದಿಲ್ಲ ಎಂಬುದೂ ಹೊಳೆಯಿತು. ಬೇರೆ ಯಾರ ಗಾಡಿಯಾಗಿದ್ದರೂ ನಿಂತಲ್ಲೇ ಹಗ್ಗಣ್ಣನಿಗೆ ಫೋನು ಮಾಡುತ್ತಿದ್ದೆ. ಆದರೆ ಇದು ಭಾವನದು. ಬೆಳಗ್ಗೆಯ ಮುನಿಸಿಗೆ ಬೇಕೆಂದೇ ತಡಮಾಡುತ್ತಿದ್ದಾರೆ, ಟಾರ್ಚು ಹಿಡಿದು ಗೊಣಗುತ್ತಾ ಇಳಿಯುತ್ತಾರೆ ಎಂದುಕೊಂಡೆ. ನನಗೊಂದು ತಮಾಷೆ ಹೊಳೆಯಿತು. ತಪ್ಪು ಜಾಗದಲ್ಲಿ ನಿಲ್ಲಿಸಿದವರಿಗೆ ಅಂಟಿಸುವ ಗುಲಾಬಿ ಚೀಟಿ ಜೇಬಿನಲ್ಲಿತ್ತು. ಬರೆದು ಗಾಜಿನ ಮೇಲೆ, ವೈಪರಿನ ಕೆಳಗೆ ಸಿಕ್ಕಿಸಿದೆ. ಮನೆಗೆ ಹೋಗಿ ಎರಡು ಲೋಟ ಚಹಾ ಇಟ್ಟುಕೊಂಡು ಕಾದೆ. ಬರದಿದ್ದಾಗ ನನ್ನ ತಮಾಷೆಗೂ ಕರಗದೆ ಊರಿಗೆ ಹೋದರು ಎಂದು ನಾನೇ ಮುನಿಸಿಕೊಂಡು ಮಲಗಿದೆ. ಬೆಳಗ್ಗೆ ಮೇಲಿನಿಂದ ದನಿ ಬಂದಾಗ ನಾನು ಮೊದಲು ಮಾಡಿದ ಕೆಲಸ ಫೋನು ಮಾಡುವುದಲ್ಲ. ಇಬ್ಬನಿಯಲ್ಲಿ ನೆಂದ ಆ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡದ್ದು.

ಆಸ್ಪತ್ರೆಯಲ್ಲಿ, ನೀನು ಔಷಧಿಗೆ ಹೋಗಿದ್ದಾಗ, ಭಾವ ಕೇಳಿದರು: “ಭಾನುವಾರ ಸಂಜೆ ಇಳಿಯೋವಾಗ ಎಲ್ಲಾದ್ರೂ ನಿಲ್ಲಿಸಿದ್ಯೇನೋ?”

“ಇಲ್ವಲ್ಲ ಭಾವ, ಯಾಕೆ?”

“ಸುಮ್ನೆ ಕೇಳ್ದೆ” ಎಂದು ನೀರು ಕೇಳಿದರು.

ಯಾಕೆ ಕೇಳಿದರೆಂದು ಹೋದ ವಾರ ಗೊತ್ತಾಯಿತು. ಒಳದಾರಿಗೆ ಬೇಲಿ ಹಾಕುವ ಮೊದಲು ಒಂದು ಸಲ ಹತ್ತಿ, ಅವರು ಬಿದ್ದಿದ್ದ ಬಂಡೆಯ ಮಗ್ಗುಲಲ್ಲಿ ಮಲಗಿ ನೋಡಿದೆ. ಇನ್ನೂರೈವತ್ತು ಹೆಜ್ಜೆ ಕೆಳಗೆ ತಿರುವು ಅಂಗೈಯಷ್ಟು ಸ್ಪಷ್ಟ. ಕಾರು ನಿಂತಿದ್ದ ಜಾಗ, ರಸ್ತೆ, ಎಲ್ಲ. ಅವರು ನೋಡಿದ್ದಾರೆ ಅಕ್ಕ. ನಾನು ನಿಂತದ್ದು, ಇಳಿದದ್ದು, ಒಳಗೆ ಇಣುಕಿದ್ದು, ಏನನ್ನೋ ಬರೆದು ಸಿಕ್ಕಿಸಿದ್ದು, ಹೊರಟುಹೋದದ್ದು. ಕೂಗಿರಲೇಬೇಕು. ತಲೆಗೆ ಹೆಲ್ಮೆಟ್ಟಿತ್ತು. ಮೊಪೆಡ್ಡಿನ ಇಂಜಿನ್ನು ಆರಿಸಿರಲಿಲ್ಲ. ಎರಡು ನಿಮಿಷದ ತಮಾಷೆಗೆ ಯಾರು ಆರಿಸುತ್ತಾರೆ? ‘ಅವನು ನೋಡಿಕೊಂಡ, ಇನ್ನೇನು ಜನ ಕರಕೊಂಡು ಬರುತ್ತಾನೆ’ ಎಂದು ಕಾದಿರಬೇಕು. ಎಷ್ಟು ಹೊತ್ತು ಕಾದರು, ಯಾವ ಹೊತ್ತಿಗೆ ಆಸೆ ಬಿಟ್ಟರು, ನನಗೆ ತಿಳಿಯದು. ಅವರು ಇದನ್ನು ನಿನಗೂ ಹೇಳಿಲ್ಲ, ಸಾಹೇಬರಿಗೂ ಹೇಳಿಲ್ಲ. ಅಕ್ಕ ತಮ್ಮಂದಿರ ನಡುವಿನ ಹೊಲಿಗೆ ಬಿಚ್ಚಬಾರದೆಂದು ಬಾಯಿ ಹೊಲಿದುಕೊಂಡಿದ್ದಾರೆ.

ಮಂಜಿರಲಿಲ್ಲ ಎಂದು ಸಾಹೇಬರಿಗೂ ಕಾಗದ ಬರೆದಿದ್ದೇನೆ. ಎರಡನ್ನೂ ಒಟ್ಟಿಗೆ ಅಂಚೆಗೆ ಹಾಕುತ್ತೇನೆ. ತಿರುವಿನ ಕುರ್ಚಿಯಲ್ಲಿ ಬಹುಶಃ ಬೇರೆ ಯಾರೋ ಕೂರುತ್ತಾರೆ.

ಗುಲಾಬಿ ಚೀಟಿಯನ್ನು ಇದರೊಳಗೆ ಮಡಿಸಿಟ್ಟಿದ್ದೇನೆ. ಶಾಯಿ ಸ್ವಲ್ಪ ಹರಡಿದೆ, ಆದರೆ ಓದಬಹುದು. ‘ಕಾರಣ’ ಎಂಬಲ್ಲಿ ‘ಮಾಲೀಕರಿಗೆ ಮುನಿಸು’ ಎಂದಿದೆ. ‘ಕ್ರಮ’ ಎಂಬಲ್ಲಿ ‘ಬೆಟ್ಟ ಇಳಿದ ಕೂಡಲೇ ಭಾವಮೈದುನನ ಮನೆಗೆ ಬಂದು ಚಹಾ ಕುಡಿಯತಕ್ಕದ್ದು’ ಎಂದಿದೆ. ‘ಸಮಯ’ ಎಂಬ ಜಾಗವನ್ನು ಖಾಲಿ ಬಿಡಬಾರದೆಂದು ನಮ್ಮಲ್ಲಿ ನಿಯಮ. ಐದು ಗಂಟೆ ನಲವತ್ತು ನಿಮಿಷ ಎಂದು ನನ್ನ ದುಂಡು ಅಕ್ಷರದಲ್ಲಿ ತುಂಬಿದ್ದೇನೆ.

ಅದನ್ನು ಭಾವನ ಕೈಗೆ ಕೊಡು. ಇಲ್ಲಿಯವರೆಗೆ ಅವರು ಅದನ್ನು ದೂರದಿಂದ ಮಾತ್ರ ನೋಡಿದ್ದಾರೆ.